ನಕಲು ಫೈಲಿನ ಯಜಮಾನ ಯಾರು?



ಕಳೆದ ವರ್ಷದ ಹತ್ತನೇ ತರಗತಿಯವರ ಪ್ರಾಜೆಕ್ಟುಗಳನ್ನು ಈ ವರ್ಷದವರ ಅಭ್ಯಾಸಕ್ಕೆಂದು ಲ್ಯಾಬಿನ ಲಿನಕ್ಸ್ ಕಂಪ್ಯೂಟರಿನಲ್ಲಿ ನಕಲು ಮಾಡಿ ಕೊಟ್ಟಿದ್ದೆ. ಹತ್ತು ನಿಮಿಷ ಆಗಲಿಲ್ಲ, ಒಬ್ಬಳು ಕರೆದಳು: "ಸರ್, ಫೈಲ್ ಓಪನ್ ಆಗ್ತದೆ, ಆದ್ರೆ ಸೇವ್ ಆಗುದಿಲ್ಲ!" ಫೈಲು ಕೆಟ್ಟಿರಲಿಲ್ಲ. ಅದರ ಯಜಮಾನ ಇನ್ನೂ ಹಳೆಯ ವಿದ್ಯಾರ್ಥಿಯೇ ಆಗಿದ್ದ, ಅಷ್ಟೆ.

ಹೀಗೇಕಾಯಿತು? ಆ ಡಿಸ್ಕಿನಲ್ಲಿದ್ದದ್ದು ಬಿಟಿಆರ್‌ಎಫ್‌ಎಸ್ ಎಂಬ ಫೈಲ್ ಸಿಸ್ಟಮ್. 2009ರಲ್ಲಿ ಲಿನಕ್ಸಿಗೆ ಸೇರಿದ ಇದರ ಪದ್ಧತಿಗೆ 'ಕಾಪಿ ಆನ್ ರೈಟ್' ಎಂದು ಹೆಸರು. ಅಂದರೆ, ಬರೆಯುವಾಗ ಮಾತ್ರ ನಕಲು. ನಾನು ಮಾಡಿದ್ದು ಸ್ನ್ಯಾಪ್‌ಶಾಟ್. ಅದನ್ನು ತೆಗೆದಾಗ ಫೈಲುಗಳ ಮಾಹಿತಿಯನ್ನು ಇನ್ನೊಮ್ಮೆ ಬರೆಯುವುದಿಲ್ಲ. ಹಳತೂ ಹೊಸತೂ ಡಿಸ್ಕಿನ ಅದೇ ಜಾಗವನ್ನು ಹಂಚಿಕೊಳ್ಳುತ್ತವೆ. ಹಾಗಾಗಿ 10 ಜಿಬಿ ಇದ್ದರೂ ಕ್ಷಣದಲ್ಲಿ ಮುಗಿಯುತ್ತದೆ. ಮುಂದೆ ಯಾವುದನ್ನು ತಿದ್ದುತ್ತೇವೋ ಆ ಭಾಗ ಮಾತ್ರ ಬೇರೆ ಜಾಗದಲ್ಲಿ ಹೊಸದಾಗಿ ಬರೆಯಲ್ಪಡುತ್ತದೆ.

ಸಾಮಾನ್ಯವಾಗಿ ಕಾಪಿ ಮಾಡಿದರೆ ಮಾಡಿದವರೇ ಯಜಮಾನರು. ಸ್ನ್ಯಾಪ್‌ಶಾಟಿನಲ್ಲಿ ಹಾಗಲ್ಲ, ಹಳೆಯ ಒಡೆತನವೂ ಇದ್ದ ಹಾಗೇ ಬರುತ್ತದೆ.

ಈ ಒಡೆತನ ಫೈಲಿನ ಬರಹದೊಳಗೆ ಇರುವುದಿಲ್ಲ. 'ಐನೋಡ್' ಎಂಬ ಬೇರೆಯೇ ದಾಖಲೆಯಲ್ಲಿರುತ್ತದೆ. ತೋಟ ಮಾರಿದಾಗ ವಿಲೇಜ್ ಆಫೀಸಿನ ದಾಖಲೆ ತಿದ್ದುತ್ತಾರೆ. ಮಣ್ಣನ್ನೂ ಕಂಗನ್ನೂ ಯಾರೂ ಕಿತ್ತು ಸಾಗಿಸುವುದಿಲ್ಲ ಅಲ್ವಾ? ಹಾಗೆಯೇ, ಕಂಪ್ಯೂಟರಿನ ಆಡಳಿತಗಾರ 'ಚೋನ್' ಎಂಬ ಆದೇಶ ಕೊಟ್ಟರೆ ಬದಲಾಗುವುದು ದಾಖಲೆ ಮಾತ್ರ. ಫೋಟೊ, ವಿಡಿಯೊಗಳು ಹಂಚಿಕೊಂಡೇ ಇರುತ್ತವೆ. ಮೂಲ ಫೋಲ್ಡರಿನಲ್ಲಿ ಹಳೆಯ ಯಜಮಾನನೇ ಉಳಿಯುತ್ತಾನೆ.

ಆದರೆ ಇದು ಪೂರ್ತಿ ಪುಕ್ಕಟೆ ಅಲ್ಲ. ಯಜಮಾನನ ಸಂಖ್ಯೆಗೆ ಬೇಕಾದದ್ದು 4 ಬೈಟ್. ಅದನ್ನು ಬದಲಿಸಲು, ಆ ದಾಖಲೆ ಇರುವ 16 ಕೆಬಿಯ ಇಡೀ ಪುಟವನ್ನೇ ಹೊಸದಾಗಿ ಬರೆಯಬೇಕು. ಸ್ನ್ಯಾಪ್‌ಶಾಟ್ ಕ್ಷಣದಲ್ಲಿ ಆದರೂ, ಸಾವಿರಾರು ಫೈಲುಗಳ ಒಡೆತನ ಬದಲಿಸಲು ಹೊತ್ತು ಹಿಡಿಯುವುದು ಇದಕ್ಕೇ. 'ಓದಲು ಮಾತ್ರ' ಎಂದು ತೆಗೆದ ಸ್ನ್ಯಾಪ್‌ಶಾಟಿನಲ್ಲಂತೂ ಒಡೆತನ ಬದಲಿಸಲಿಕ್ಕೇ ಆಗುವುದಿಲ್ಲ. ಅದರಿಂದ ಬರೆಯಬಹುದಾದ ಇನ್ನೊಂದು ನಕಲು ಮಾಡಿಕೊಳ್ಳಬೇಕು.

ಇನ್ನೊಂದು ಎಚ್ಚರಿಕೆ. ಐನೋಡಿನಲ್ಲಿ ಇರುವುದು ಹೆಸರಲ್ಲ, ಬರೀ ಸಂಖ್ಯೆ. ಈ ಕಂಪ್ಯೂಟರಿನಲ್ಲಿ 1001 ಎಂದರೆ ನೀವು. ಪಕ್ಕದ ಕಂಪ್ಯೂಟರಿನಲ್ಲಿ 1001 ಬೇರೆ ಯಾರೋ. ನಿಮ್ಮ ಡಿಸ್ಕನ್ನು ಅಲ್ಲಿಗೆ ಜೋಡಿಸಿದರೆ ನಿಮ್ಮ ಖಾಸಗಿ ಫೈಲುಗಳಿಗೆ ಅವರೇ ಯಜಮಾನರಾಗಿಬಿಡಬಹುದು! ಆದ್ದರಿಂದ ಒಡೆತನ ಬದಲಿಸುವ ಮೊದಲು ಎರಡು ಪ್ರಶ್ನೆ ಕೇಳಿಕೊಳ್ಳಿ: ಇದು ನಕಲೋ, ಮೂಲವೋ? ಈ ಸಂಖ್ಯೆ ಇಲ್ಲಿ ಯಾರದ್ದು?

ಮಾಡಿ ನೋಡಿ: ಟರ್ಮಿನಲ್‌ನಲ್ಲಿ 'ಎಲ್ಎಸ್' ಎಂಬ ಆದೇಶ ಬರೆದು, ಒಂದು ಸ್ಪೇಸ್ ಬಿಟ್ಟು, ಸಣ್ಣ ಅಡ್ಡಗೆರೆ, ಅದಕ್ಕೆ ತಾಗಿ 'ಎನ್' ಅಕ್ಷರ ಒತ್ತಿ. ಮೂರನೆಯ ಸಾಲಿನಲ್ಲಲ್ಲ, ಮೂರನೆಯ ಕಾಲಮ್ಮಿನಲ್ಲಿ ಕಾಣುವ ಸಂಖ್ಯೆಯೇ ಯಜಮಾನ. ನಿಮ್ಮ ಸಂಖ್ಯೆ ಎಷ್ಟು?