ಹೆಚ್ಚಿದ ಹಣ್ಣಿಗೆ ಅಣುಜೀವಿಗಳ ಕಾವಲು

ಬೇಸಗೆ ಕಾಲಿಟ್ಟಿತೆಂದರೆ ನಮ್ಮ ಹೈದರಾಬಾದಿನ ಕೋಠಿ, ಸುಲ್ತಾನ್ ಬಜಾರ್, ಕಾಚಿಗುಡಗಳ ಬೀದಿಗಳಲ್ಲಿ ಹಣ್ಣಿನ ಬಂಡಿಗಳು ಸಾಲುಗಟ್ಟುತ್ತವೆ. ಕಲ್ಲಂಗಡಿಯ ಕೆಂಪು ಹೋಳು, ಪರಂಗಿಯ ಹಳದಿ ಹೋಳು, ಅನಾನಸಿನ ಬಿಲ್ಲೆ, ಮೇಲೆ ಚಿಟಿಕೆ ಉಪ್ಪುಖಾರ. ಬಿಸಿಲಿನಲ್ಲಿ ಬೆಂದು ಬಂದವನಿಗೆ ಇದಕ್ಕಿಂತ ಅಗ್ಗವೂ ಹಿತವೂ ಆದ ಆಹಾರ ಬೇರೊಂದು ದೊರೆಯಲಾರದು. ಆದರೆ ಅದೇ ತಟ್ಟೆಯಿಂದ ಕೆಲವೊಮ್ಮೆ ವಾಂತಿಭೇದಿಯೂ ಮನೆಯನ್ನು ಸೇರುತ್ತದೆಂಬುದು ವಾಚಕರಿಗೆ ತಿಳಿಯದ ವಿಷಯವೇನಲ್ಲ.

ಲೇಖನಿ ಹಿಡಿಯುವ ಮೊದಲು ನಾವು ಅನೇಕ ವರ್ಷ ಹೋಟೆಲು ನಡೆಸಿದವರು. ಆದುದರಿಂದ ಈ ವಿಷಯದಲ್ಲಿ ಇತರರನ್ನು ದೂರುವ ಮೊದಲು ನಮ್ಮದೇ ತಪ್ಪನ್ನು ಒಪ್ಪಿಕೊಳ್ಳುವುದು ಧರ್ಮ. ಒಂದು ಏಪ್ರಿಲ್ ತಿಂಗಳ ಸಂಜೆ, ಬೆಳಿಗ್ಗೆ ಹೆಚ್ಚಿಟ್ಟ ಪರಂಗಿಯ ಹೋಳುಗಳು ಉಳಿದಿದ್ದವು. ಎಸೆಯಲು ಮನಸ್ಸು ಬಾರದೆ ಸಕ್ಕರೆ ಬೆರೆಸಿ ಫ್ರೂಟ್ ಸಲಾಡ್ ಎಂದು ಬಡಿಸಿದೆವು. ಮರುದಿನ ನಿತ್ಯದ ಗಿರಾಕಿಯೊಬ್ಬರು ಗಲ್ಲಾದ ಮುಂದೆ ನಿಂತು, "ರಾಯರೇ, ರಾತ್ರಿಯೆಲ್ಲ ಮಗುವನ್ನು ಎತ್ತಿಕೊಂಡು ಆಸ್ಪತ್ರೆಯಲ್ಲಿದ್ದೆವು" ಎಂದಷ್ಟೇ ಹೇಳಿ ಹೊರಟುಹೋದರು. ಕಾರಣ ನಮ್ಮ ಹಣ್ಣೇ ಎಂದು ತೋರಿಸಿಕೊಡುವವರು ಯಾರೂ ಇರಲಿಲ್ಲ. ಅಲ್ಲವೆನ್ನುವ ಧೈರ್ಯ ನಮಗೂ ಇರಲಿಲ್ಲ. ಅಂದಿನಿಂದ ಈ ವಿಷಯವನ್ನು ಓದಿ ತಿಳಿಯುವ ಹಂಬಲ ನಮ್ಮಲ್ಲಿ ಹುಟ್ಟಿತು.

ಹಣ್ಣಿಗೆ ಸಿಪ್ಪೆಯೇ ಕೋಟೆ. ಚಾಕು ತಾಗಿದೊಡನೆ ಕೋಟೆ ಒಡೆದು, ಸಿಪ್ಪೆಯ ಮೇಲಿನ ಮಣ್ಣು ಮತ್ತು ರೋಗಾಣುಗಳು ಅಲಗಿನೊಡನೆ ತಿರುಳನ್ನು ಹೊಗುತ್ತವೆ. ಒಳಗೆ ಅವಕ್ಕೆ ಸಕ್ಕರೆಯುಂಟು, ನೀರುಂಟು. ಅನಾನಸಿನಂತಹ ಹುಳಿ ಹಣ್ಣಿನಲ್ಲಿ ಅವುಗಳ ಆಟ ಕಡಿಮೆ. ಹುಳಿ ಸಾಲದ ಕಲ್ಲಂಗಡಿ, ಕರ್ಬೂಜ, ಪರಂಗಿಗಳಲ್ಲಿ ಹೆಚ್ಚು. ಎಲ್ಲ ಅನುಕೂಲಗಳೂ ಒದಗಿದಾಗ ಕೆಲವು ಬ್ಯಾಕ್ಟೀರಿಯಾಗಳು 20 ನಿಮಿಷಕ್ಕೊಮ್ಮೆ ಇಮ್ಮಡಿಯಾಗುತ್ತವೆ. ಆ ಲೆಕ್ಕದಲ್ಲಿ ಒಂದು ಅಣುಜೀವಿ 3 ಗಂಟೆಗಳಲ್ಲಿ 512 ಆಗುತ್ತದೆ.

ಈ ಶತ್ರುಗಳನ್ನು ತಡೆಯಲು ಮಿತ್ರ ಬ್ಯಾಕ್ಟೀರಿಯಾಗಳನ್ನೇ ಕಾವಲಿಗಿಡುವ ಉಪಾಯವೊಂದನ್ನು ವಿಜ್ಞಾನಿಗಳು ಪರೀಕ್ಷಿಸುತ್ತಿದ್ದಾರೆ. ಕೇಳಲು ವಿಚಿತ್ರವೆನಿಸಿದರೂ ನಮ್ಮ ಅಡಿಗೆಮನೆಗೆ ಇದು ಹೊಸತಲ್ಲ. ಹಾಲಿಗೆ ಒಂದು ಚಮಚ ಹೆಪ್ಪು ಹಾಕುವ ತಾಯಂದಿರೂ, ರಾತ್ರಿ ಇಡ್ಲಿಹಿಟ್ಟನ್ನು ಹುದುಗಲಿಡುವ ನಮ್ಮ ಹೋಟೆಲಿನ ಭಟ್ಟರೂ ಇದನ್ನೇ ಮಾಡುವವರು. ಇಡ್ಲಿಹಿಟ್ಟನ್ನು ಉಬ್ಬಿಸುವ ಲ್ಯೂಕೊನಾಸ್ಟಾಕ್, ಮೊಸರನ್ನು ಹೆಪ್ಪುಗಟ್ಟಿಸುವ ಲ್ಯಾಕ್ಟೊಬ್ಯಾಸಿಲಸ್ ಮೊದಲಾದವು ಹುಳಿಯನ್ನುಂಟುಮಾಡಿ, ಆಹಾರವನ್ನೂ ಸ್ಥಳವನ್ನೂ ತಾವೇ ಆಕ್ರಮಿಸಿ, ಕೆಟ್ಟವುಗಳಿಗೆ ಎಡೆಗೊಡುವುದಿಲ್ಲ. ಕೆಲವು ಜಾತಿಗಳು ಇತರ ಬ್ಯಾಕ್ಟೀರಿಯಾಗಳನ್ನು ಕೊಲ್ಲುವ ಪದಾರ್ಥಗಳನ್ನೂ ಸ್ರವಿಸುತ್ತವೆ. ಹಾಲಿನ ಬ್ಯಾಕ್ಟೀರಿಯಾದಿಂದ ದೊರೆಯುವ ನಿಸಿನ್ ಎಂಬ ಇಂತಹ ಪದಾರ್ಥವು ಅನೇಕ ದೇಶಗಳಲ್ಲಿ ಚೀಸು ಮೊದಲಾದ ಆಹಾರಗಳನ್ನು ಕಾಯಲು ಬಳಕೆಯಲ್ಲಿದೆ.

ಸ್ಪೇನ್ ದೇಶದ ಕ್ಯಾಟಲೋನಿಯಾ ಪ್ರಾಂತದ ಸಂಶೋಧಕರು ಸೇಬಿನ ಮೈಮೇಲೆಯೇ ವಾಸಿಸುತ್ತಿದ್ದ ಸ್ಯೂಡೊಮೊನಾಸ್ ಗ್ರಾಮಿನಿಸ್ ಎಂಬ ನಿರಪಾಯಕಾರಿ ಬ್ಯಾಕ್ಟೀರಿಯಾವನ್ನು ಹೆಚ್ಚಿದ ಸೇಬು, ಕರ್ಬೂಜಗಳ ಮೇಲೆ ಪ್ರಯೋಗಿಸಿದರು. ಅದು ಲಿಸ್ಟೀರಿಯಾ, ಸಾಲ್ಮೊನೆಲ್ಲ ಎಂಬ ರೋಗಾಣುಗಳ ಬೆಳವಣಿಗೆಯನ್ನು ತಗ್ಗಿಸಿತು. ಹೊಟ್ಟೆಗೆ ಹಿತವೆಂದು ಹೆಸರಾದ ಲ್ಯಾಕ್ಟೊಬ್ಯಾಸಿಲಸ್ ರ‍್ಯಾಮ್ನೋಸಸ್ ಜಿಜಿಯನ್ನೂ ಅವರು ಸೇಬಿನ ಹೋಳುಗಳಿಗೆ ಸೇರಿಸಿ ನೋಡಿದರು. ಲಿಸ್ಟೀರಿಯಾ ಕುಗ್ಗಿತು, ಸಾಲ್ಮೊನೆಲ್ಲ ಮಾತ್ರ ಜಗ್ಗಲಿಲ್ಲ. ಒಬ್ಬನೇ ಕಾವಲುಗಾರ ಎಲ್ಲ ಕಳ್ಳರನ್ನೂ ಹಿಡಿಯಲಾರನೆಂಬುದು ಇದರಿಂದ ಸ್ಪಷ್ಟವಾಗುತ್ತದೆ.

ಲಿಸ್ಟೀರಿಯಾ ಸಾಮಾನ್ಯ ಶತ್ರುವಲ್ಲ. ಅದು ಫ್ರಿಜ್ಜಿನ ತಂಪಿನಲ್ಲಿಯೂ ನಿಧಾನವಾಗಿ ಬೆಳೆಯಬಲ್ಲುದು. ಅಮೆರಿಕದಲ್ಲಿ 2011ರಲ್ಲಿ ಕರ್ಬೂಜ ಹಣ್ಣಿನ ಮೂಲಕ ಹರಡಿದ ಲಿಸ್ಟೀರಿಯಾ 147 ಮಂದಿಯನ್ನು ಕಾಡಿ 33 ಮಂದಿಯನ್ನು ಬಲಿ ತೆಗೆದುಕೊಂಡಿತು. ಮುದುಕರು, ಬಸುರಿಯರು, ಎಳೆಯ ಶಿಶುಗಳು ಇದಕ್ಕೆ ಬೇಗ ತುತ್ತಾಗುತ್ತಾರೆ. ಇಂತಹ ರೋಗಾಣುವನ್ನು ತಡೆಯಬಲ್ಲ ಮಿತ್ರರನ್ನು ಹುಡುಕುವುದು ಬರಿಯ ಕುತೂಹಲದ ಕೆಲಸವಲ್ಲ.

ಇಲ್ಲಿ ಒಂದು ಎಚ್ಚರಿಕೆಯನ್ನು ಹೇಳಲೇಬೇಕು. ಇದನ್ನೋದಿ ಯಾರೂ ಹಣ್ಣಿನ ಹೋಳಿಗೆ ಮಜ್ಜಿಗೆ ಚಿಮುಕಿಸಿ ನಿಶ್ಚಿಂತರಾಗಬಾರದು. ಯಾವ ಜಾತಿ, ಎಷ್ಟು ಪ್ರಮಾಣ, ಯಾವ ಹಣ್ಣಿಗೆ, ಎಷ್ಟು ತಂಪಿನಲ್ಲಿ ಎಂಬುದೆಲ್ಲ ಪ್ರಯೋಗಶಾಲೆಯಲ್ಲಿ ನಿರ್ಧಾರವಾಗತಕ್ಕ ಮಾತು. ಹಣ್ಣಿನ ರುಚಿ ಕೆಡದಂತೆಯೂ ನೋಡಿಕೊಳ್ಳಬೇಕು. ಮೈಸೂರಿನ ಚೆಲುವಾಂಬ ವಿಲಾಸದಲ್ಲಿ 1950ರಲ್ಲಿ ಆರಂಭವಾದ ಕೇಂದ್ರ ಆಹಾರ ಸಂಶೋಧನಾಲಯದಲ್ಲಿ ಲ್ಯಾಕ್ಟಿಕ್ ಬ್ಯಾಕ್ಟೀರಿಯಾಗಳ ಅಭ್ಯಾಸ ನಡೆದಿದೆ. ನಮ್ಮ ತಾರ್ನಾಕದ ರಾಷ್ಟ್ರೀಯ ಪೋಷಣ ಸಂಸ್ಥೆಯು ಬೀದಿಯ ಆಹಾರದ ಶುಚಿತ್ವವನ್ನು ಪರಿಶೀಲಿಸಿದೆ. ಇಂತಹ ವಿದ್ಯೆ ಬಂಡಿಯವನ ಕೈಗೆಟಕುವ ರೂಪದಲ್ಲಿ ಬರಲೆಂದು ಹಾರೈಸೋಣ.

ಅಲ್ಲಿಯವರೆಗೆ ಹಳೆಯ ಉಪಾಯಗಳೇ ಗತಿ. ಆ ಬಳಿಕವೂ ಅವನ್ನು ಬಿಡುವಂತಿಲ್ಲ. ಹಣ್ಣನ್ನು ಹೆಚ್ಚುವ ಮೊದಲೇ ಇಡಿಯಾಗಿ ಕುಡಿಯುವ ನೀರಿನಲ್ಲಿ ಉಜ್ಜಿ ತೊಳೆಯಬೇಕು. ಚಾಕು, ಮಣೆ, ಕೈಗಳು ಶುಚಿಯಾಗಿರಬೇಕು. ಹೋಳುಗಳ ಮೇಲಿಡುವ ಮಂಜುಗಡ್ಡೆಯೂ ಕುಡಿಯುವ ನೀರಿನದೇ ಆಗಿರಬೇಕು. ಹೆಚ್ಚಿದ ಹಣ್ಣನ್ನು 5 ಡಿಗ್ರಿಗಿಂತ ಕೆಳಗೆ ತಂಪಾಗಿಡಬೇಕು. ತಂಪಿಲ್ಲದಿದ್ದರೆ 2 ಗಂಟೆಗಳೊಳಗೆ, ನಮ್ಮೂರಿನ ಬೇಸಗೆಯಲ್ಲಾದರೆ 1 ಗಂಟೆಯೊಳಗೆ ತಿಂದು ಮುಗಿಸುವುದು ಕ್ಷೇಮ.

ಹೊಟ್ಟೆಪಾಡಿಗಾಗಿ ಊರು ಬಿಟ್ಟು ಬಂದು ಇಲ್ಲಿ ಹೋಟೆಲು ನಡೆಸುತ್ತಿರುವ ನಮ್ಮ ಬಂಧುಗಳಲ್ಲಿ ಒಂದು ವಿಜ್ಞಾಪನೆ. ಪರವೂರಿನಲ್ಲಿ ನಮಗೆ ಅನ್ನ ಕೊಟ್ಟದ್ದು ಗಿರಾಕಿಯ ನಂಬಿಕೆ. ಗಿರಾಕಿ ಕೇಳಿದ ಮೇಲೆಯೇ ಹಣ್ಣು ಹೆಚ್ಚಿರಿ. ಉಳಿದುದನ್ನು ಎಸೆಯಲು ಹಿಂಜರಿಯದಿರಿ. ಆ ಸಂಜೆ ನಾವು ಉಳಿಸಿಕೊಂಡದ್ದು ಒಂದು ಪಾತ್ರೆ ಪರಂಗಿ. ಕಳೆದುಕೊಂಡದ್ದು ಬಹುಕಾಲದ ಒಬ್ಬ ಗಿರಾಕಿಯನ್ನು. ಅವರು ಮತ್ತೆ ನಮ್ಮಲ್ಲಿಗೆ ಬರಲಿಲ್ಲ.