ಶಿರಾ ದಾಟಿ ಹೋಗುವವರೇ, ಒಂದು ದಿನ ಇಲ್ಲಿ ಉಳಿಯಿರಿ

ಬೆಂಗಳೂರಿನಿಂದ ಚಿತ್ರದುರ್ಗ, ಹಂಪಿ ಕಡೆಗೆ ಹೊರಟ ಕಾರುಗಳು ಶಿರಾದಲ್ಲಿ ಟೀ ಕುಡಿಯಲು ನಿಂತರೆ ಅದೇ ಹೆಚ್ಚು. ಕಿಟಕಿಯಾಚೆ ಬಂಡೆ, ಜಾಲಿ, ಕಡಲೆಕಾಯಿ ಹೊಲ, ತಳ ಬಿರಿದ ಕೆರೆ. ಮರಳುಗಾಡು ನೋಡಲೆಂದು ರಾಜಸ್ಥಾನದವರೆಗೆ ಹೋಗಿಬರುವ ನಮ್ಮವರು ಹಿತ್ತಲಲ್ಲೇ ಇರುವ ಈ ಒಣನಾಡನ್ನು 'ಬರದ ಸೀಮೆ' ಅಂದು ದಾಟಿಬಿಡುತ್ತಾರೆ. ಮಳೆ ಕಡಿಮೆ, ನಿಜ. ನೋಡುವುದಕ್ಕೇನೂ ಇಲ್ಲ ಅನ್ನುವುದು ಮಾತ್ರ ಸುಳ್ಳು.

ಮಧುಗಿರಿಯಿಂದ ಶುರು ಮಾಡಿ, ಅದೂ ಬೆಳಕು ಹರಿಯುವ ಹೊತ್ತಿಗೆ. ಏಷ್ಯಾದ ಅತಿ ದೊಡ್ಡ ಏಕಶಿಲಾ ಬೆಟ್ಟಗಳಲ್ಲಿ ಒಂದು ಊರಿನ ತಲೆಯ ಮೇಲೇ ನಿಂತಿದೆ. ಸಮುದ್ರಮಟ್ಟದಿಂದ ಸುಮಾರು 3,900 ಅಡಿ. ಕೆಳಗೆ ವೆಂಕಟರಮಣ, ಮಲ್ಲೇಶ್ವರ ಗುಡಿಗಳು. ಅಂತರಾಳದ ಬಾಗಿಲು, ದಿಡ್ಡಿ ಬಾಗಿಲು, ಮೈಸೂರು ಬಾಗಿಲು ಎಂದು ಕೋಟೆಯ ದ್ವಾರಗಳಿಗೆ ಒಂದೊಂದು ಹೆಸರು. ಮೊದಮೊದಲು ಮೆಟ್ಟಿಲು ಸಲೀಸು. ಆಮೇಲೆ ಬಂಡೆಯಲ್ಲೇ ಕೊರೆದ, ಪಾದದ ಮುಂಭಾಗವಷ್ಟೇ ಹಿಡಿಯುವ ಗುಳಿಗಳು. ಅಲ್ಲಿ ಕೈಯೂರಿಯೇ ಹತ್ತಬೇಕು. ಬೆಳಗ್ಗೆ ಅಂಗೈಗೆ ತಣ್ಣಗಿದ್ದ ಕಲ್ಲನ್ನು ಹತ್ತು ಗಂಟೆಯ ಮೇಲೆ ಮುಟ್ಟಲಾಗದು. ನೀರಿನ ಬಾಟಲಿ ಎರಡಿರಲಿ, ಮಳೆ ಬಿದ್ದ ದಿನ ಹತ್ತಬೇಡಿ. ತುದಿಯಲ್ಲಿ ಪಾಳುಬಿದ್ದ ಗೋಪಾಲಕೃಷ್ಣನ ಗುಡಿ. ಅಲ್ಲಿ ಕೂತು ಸುತ್ತ ನೋಡಿದರೆ ದೂರದೂರಕ್ಕೂ ಬೋಳು ಗುಡ್ಡಗಳು. ಇಲ್ಲಿನ ಪಾಳೆಯಗಾರರು ಇಷ್ಟೊಂದು ದುರ್ಗ ಕಟ್ಟಿದ್ದೇಕೆ ಅನ್ನುವುದು ಆಗ ಅರ್ಥವಾಗುತ್ತದೆ: ಕಲ್ಲನ್ನು ಈ ನೆಲವೇ ಕೊಟ್ಟಿತ್ತು.

ಇದೇ ತಾಲ್ಲೂಕಿನ ಮೈದನಹಳ್ಳಿಯಲ್ಲಿ ಸುಮಾರು 800 ಎಕರೆ ಹುಲ್ಲುಗಾವಲು ಕೃಷ್ಣಮೃಗಗಳಿಗೆ ಮೀಸಲು. ಗಂಡಿನ ಕಪ್ಪು ಬೆನ್ನು, ತಿರುಚಿದ ಕೊಂಬು ಕಂಡಾಗ ಗಾಡಿ ನಿಲ್ಲಿಸಿ, ಇಳಿದು ಅಟ್ಟಿಸಿಕೊಂಡು ಹೋಗಬೇಡಿ. ಕೊರಟಗೆರೆ ಕಡೆ ತಿರುಗುವವರಿಗೆ ಗೊರವನಹಳ್ಳಿಯ ಮಹಾಲಕ್ಷ್ಮಿ, ಸಿದ್ಧರಬೆಟ್ಟ, ಚನ್ನರಾಯನದುರ್ಗ.

ಪಾವಗಡದ ಮಾತು ಅರ್ಧ ಕನ್ನಡ, ಅರ್ಧ ತೆಲುಗು. ಶನಿವಾರ ಶನಿಮಹಾತ್ಮನ ಗುಡಿಯಲ್ಲಿ ಕಾಲಿಡಲು ಜಾಗವಿರುವುದಿಲ್ಲ. ಅಲ್ಲಿಂದ ತಿರುಮಣಿ ಕಡೆ ಹೋದರೆ ಸುಮಾರು 13,000 ಎಕರೆಯಲ್ಲಿ ಸೋಲಾರ್ ಫಲಕಗಳು, 2,050 ಮೆಗಾವಾಟ್ ಸಾಮರ್ಥ್ಯ. ಜಮೀನು ರೈತರದೇ, ಗುತ್ತಿಗೆಗೆ ಕೊಟ್ಟದ್ದು. ಕಡಲೆಕಾಯಿ ಕೈಕೊಟ್ಟ ನೆಲಕ್ಕೆ ಬಾಡಿಗೆ ಬರುತ್ತದೆ ನಿಜ, ಆದರೆ ಹೊಲವಿಲ್ಲದ ಕೂಲಿಕಾರನಿಗೆ ಅದರಲ್ಲಿ ಪಾಲಿಲ್ಲ. ನೋಡಲು ಹೋದವರು ಇದನ್ನೂ ಕೇಳಿಕೊಂಡು ಬರಬೇಕು.

ಶಿರಾ ಒಂದು ಕಾಲಕ್ಕೆ ರಾಜಧಾನಿ. ಬಿಜಾಪುರದವರ ಅಧಿಕಾರಿ ಮಲಿಕ್ ರಿಹಾನ್ ಇಲ್ಲಿ ಆಳಿ 1651ರಲ್ಲಿ ತೀರಿಕೊಂಡ. ಅವನ ಗೋರಿ ಈಗಲೂ ಇದೆ. 1687ರಲ್ಲಿ ಮೊಘಲರು ಬಂದು ಇದನ್ನು ತಮ್ಮ ಸುಬಾದ ಕೇಂದ್ರ ಮಾಡಿಕೊಂಡರು. ಕಲ್ಲಿನ ಜುಮ್ಮಾ ಮಸೀದಿ 1696ರದು. ಗೋರಿಯ ಬಳಿ ಹೊಗಳುವ ಗೈಡ್ ಇಲ್ಲ, ಟಿಕೆಟ್ಟಿನ ಸಾಲೂ ಇಲ್ಲ. ಸುಮ್ಮನೆ ಒಂದು ಸುತ್ತು ಬನ್ನಿ. ಇದೇ ತಾಲ್ಲೂಕಿನ ಕಳುವರಹಳ್ಳಿಯಲ್ಲಿ ಕಾಡುಗೊಲ್ಲರ ದೈವ ಜುಂಜಪ್ಪನ ನೆಲೆಯಿದೆ. ಅವನ ಕಥೆಯನ್ನು ಗಣೆಯ ಜೊತೆಗೇ ಹಾಡಬೇಕು. ಗಣೆ ಅಂದರೆ ಉದ್ದನೆಯ ಬಿದಿರಿನ ಕೊಳಲು. ಹಾಡುವವರು ಸಿಕ್ಕಿ, ಹಾಡಲು ಒಪ್ಪಿದರೆ ನೆಲದ ಮೇಲೆ ಕೂತು ಕೇಳಿ, ಮೊಬೈಲು ಜೇಬಲ್ಲಿರಲಿ.

ಸಂಜೆಗೆ ಕಗ್ಗಲಡು. ಬೇಸಿಗೆಯಾದರೆ ಒಳ್ಳೆಯದು. ಊರ ನಡುವಿನ ಹುಣಸೆಮರಗಳ ನೆತ್ತಿಯ ತುಂಬ ಬಣ್ಣದ ಕೊಕ್ಕರೆ, ಬೂದು ಬಕಗಳ ಗೂಡು. ಕೆಳಗೆ ಎಮ್ಮೆ ಕಟ್ಟಿದೆ, ಮಕ್ಕಳು ಆಡುತ್ತಿವೆ, ಸೂರಿನ ಮೇಲೆ ಬಿಳಿ ಹಿಕ್ಕೆ. ಮೀನಿನ ಕಮಟು ವಾಸನೆ ಮೂಗಿಗೆ ಬಡಿಯುತ್ತದೆ. ಊರಿನವರು ಅದನ್ನೆಲ್ಲ ಸಹಿಸಿಕೊಂಡೇ ಹಕ್ಕಿಗಳನ್ನು ಕಾಯುತ್ತ ಬಂದಿದ್ದಾರೆ. ಕಲ್ಲೆಸೆದವರನ್ನು ಬಿಡುವುದಿಲ್ಲ. ಹೊತ್ತು ಮುಳುಗುವಾಗ ದೂರದ ಕೆರೆಯಿಂದ ತಾಯಿ ಹಕ್ಕಿ ಬಂದು ರೆಂಬೆಯ ಮೇಲೆ ತೂಗಾಡುತ್ತ ನಿಲ್ಲುತ್ತದೆ. ಗಂಟಲಲ್ಲಿಟ್ಟು ತಂದ ಮೀನನ್ನು ಗೂಡಿಗೆ ಕಕ್ಕುತ್ತದೆ. ಮರಿಗಳು ಮುಗಿಬೀಳುವ ಸದ್ದು ಕೆಳಗಿನ ಜಗಲಿಯವರೆಗೂ ಕೇಳುತ್ತದೆ.