ಗೋರ್ದಾ, ಊಟ ಆಯ್ತಾ?

2020ರ ನವೆಂಬರ್ 29. ಸೌತಾಂಪ್ಟನ್ ವಿರುದ್ಧ ಎರಡು ಗೋಲು ಹೊಡೆದು ಮ್ಯಾಂಚೆಸ್ಟರ್ ಯುನೈಟೆಡ್ ತಂಡವನ್ನು ಗೆಲ್ಲಿಸಿದ ಉರುಗ್ವೆಯ ಎಡಿನ್ಸನ್ ಕವಾನಿಗೆ ಇನ್‌ಸ್ಟಾಗ್ರಾಮ್‌ನಲ್ಲಿ ಗೆಳೆಯನೊಬ್ಬನ ಅಭಿನಂದನೆ ಬಂತು. ಕವಾನಿ ಎರಡೇ ಪದದಲ್ಲಿ ಉತ್ತರಿಸಿದ: ‘ಗ್ರಾಸಿಯಾಸ್ ನೆಗ್ರಿತೊ’. ಥ್ಯಾಂಕ್ಸ್ ಕಣೋ ಕರಿಯಾ! ಆ ಒಂದು ಗುಣವಾಚಕಕ್ಕೆ ಇಂಗ್ಲೆಂಡಿನ ಫುಟ್‌ಬಾಲ್ ಸಂಸ್ಥೆ 1 ಲಕ್ಷ ಪೌಂಡ್ ದಂಡ ಹಾಕಿ, 3 ಪಂದ್ಯ ಹೊರಗೆ ಕೂರಿಸಿತು. ಉರುಗ್ವೆಯ ಸಾಹಿತ್ಯ ಅಕಾಡೆಮಿಯೇ ಇದನ್ನು ಖಂಡಿಸಿತು. ಗುಲಾಮಗಿರಿಯ ಚರಿತ್ರೆ ಬಲ್ಲವರಿಗೆ ಆ ಪದ ಚುಚ್ಚುವುದೂ ನಿಜ, ಕವಾನಿ ಅಕ್ಕರೆಯಿಂದ ಬರೆದದ್ದೂ ನಿಜ ಎಂದೇ ನನಗನ್ನಿಸುತ್ತದೆ.

ಲ್ಯಾಟಿನ್ ಅಮೆರಿಕದಲ್ಲಿ ಕಣ್ಣಿಗೆ ಕಂಡದ್ದೇ ಅಡ್ಡಹೆಸರು. ದಪ್ಪಗಿದ್ದರೆ ಗೋರ್ದೊ, ಸಣಕಲನಾದರೆ ಫ್ಲಾಕೊ, ಬೋಳುತಲೆಯಾದರೆ ಪೆಲಾದೊ. 1978ರಲ್ಲಿ ಅರ್ಜೆಂಟೀನಾಕ್ಕೆ ವಿಶ್ವಕಪ್ ಗೆದ್ದುಕೊಟ್ಟ ಕೋಚ್ ಮೆನೊತ್ತಿ ಕೊನೆಯವರೆಗೂ ‘ಎಲ್ ಫ್ಲಾಕೊ’; ಗಾಯಕಿ ಮೆರ್ಸೆದೆಸ್ ಸೋಸಾ ‘ಲಾ ನೆಗ್ರಾ’. ಗಂಡ ಹೆಂಡತಿಯನ್ನು ‘ಗೋರ್ದಾ’ ಎಂದು ಕೂಗಬೇಕಾದರೆ ಆಕೆ ದಪ್ಪಗಿರಲೇಬೇಕೆಂದೇನೂ ಇಲ್ಲ. ದ್ವಾರಕೀಶರನ್ನು ‘ಕುಳ್ಳ’ ಎಂದೇ ಮುದ್ದಿಸಿದ ನಮಗೆ ಇದನ್ನು ಬಿಡಿಸಿ ಹೇಳಬೇಕೆ?

ನಾನು ಎಡವಿದ್ದು ಬೇರೆ ಕಡೆ. ಸ್ಪ್ಯಾನಿಷ್ ಕ್ಲಾಸಿನ ಎರಡನೇ ವಾರ, ‘ಬೇಜಾರಾಗಿದೆ’ ಎನ್ನಲು ಹೋಗಿ ‘ಸೊಯ್ ಅಬುರಿದೊ’ ಎಂದೆ. ಮೇಡಂ ನಕ್ಕುಬಿಟ್ಟರು. ‘ನಾನೊಬ್ಬ ಕೊರೆಯುವ ಆಸಾಮಿ’ ಎಂದು ನನ್ನ ಬಾಯಿಂದಲೇ ಹೇಳಿಕೊಂಡಿದ್ದೆ. ‘ಎಸ್ತೊಯ್ ಅಬುರಿದೊ’ ಎನ್ನಬೇಕಿತ್ತು. ‘ಇರು’ ಎಂಬುದಕ್ಕೆ ಅಲ್ಲಿ ಎರಡು ಕ್ರಿಯಾಪದ: ಹುಟ್ಟುಗುಣಕ್ಕೆ ‘ಸೇರ್’, ಸದ್ಯದ ಸ್ಥಿತಿಗೆ ‘ಎಸ್ತಾರ್’. ‘ಎಸ್ ಲಿಸ್ತೊ’ ಎಂದರೆ ಜಾಣ. ‘ಎಸ್ತಾ ಲಿಸ್ತೊ’ ಎಂದರೆ ಹೊರಟು ನಿಂತಿದ್ದಾನೆ. ಮೇಷ್ಟ್ರು ‘ಎಸ್ ಬ್ವೇನೊ’ ಎಂದರೆ ಒಳ್ಳೆಯವರು. ‘ಎಸ್ತಾ ಬ್ವೇನೊ’ ಎಂದಿರೋ, ಅವರ ಮೈಕಟ್ಟಿನ ಮೇಲೆ ನಿಮ್ಮ ಕಣ್ಣು ಬಿದ್ದಿದೆ ಎಂದರ್ಥ! ಅಷ್ಟಕ್ಕೂ ನಮಗಿದು ತೀರಾ ಹೊಸತಲ್ಲ. ‘ಒಳ್ಳೆಯವನು’ ಎನ್ನಲು ನಮಗೆ ‘ಇರು’ ಬೇಕಿಲ್ಲ, ‘ಚೆನ್ನಾಗಿದ್ದಾನೆ’ ಎನ್ನಲು ಬೇಕು.

ಹೋಲಿಕೆ ಮಾತ್ರ ಸಲೀಸು. ನಮ್ಮ ‘ಗಿಂತ’ ಮಾಡುವ ಕೆಲಸವನ್ನು ‘ಮಾಸ್... ಕೆ’ ಮಾಡುತ್ತದೆ. ವಯಸ್ಸಿನ ಮಾತು ಬಂದಾಗ ‘ಮಯೋರ್’, ‘ಮೆನೋರ್’ ಎಂಬ ಬೇರೆಯೇ ಪದಗಳಿವೆ. ಅಕ್ಕ, ತಂಗಿ ಇಬ್ಬರೂ ‘ಎರ್ಮಾನಾ’. ಮುಂದೆ ಮಯೋರ್ ಸೇರಿದರೆ ಅಕ್ಕ, ಮೆನೋರ್ ಸೇರಿದರೆ ತಂಗಿ. ಮುದುಕಿ ಎನ್ನಲು ನಾಲಿಗೆ ಹಿಂಜರಿದಾಗ ‘ಸೆನ್ಯೋರಾ ಮಯೋರ್’ ಎನ್ನುತ್ತಾರೆ. ಯಾರಿಗಿಂತ ದೊಡ್ಡವರು ಎಂದು ಯಾರೂ ಕೇಳುವುದಿಲ್ಲ. ‘ದೊಡ್ಡವರು ಬಂದಿದ್ದಾರೆ, ಚಾಪೆ ಹಾಸು’ ಎಂದಾಗ ನಾವು ಕೇಳುತ್ತೇವೆಯೇ?

ಗಾದೆಯಂಥ ಹೋಲಿಕೆಗಳೂ ಬೇಕಾದಷ್ಟಿವೆ. ಸಜ್ಜನನಾದರೆ ‘ಬ್ರೆಡ್ಡಿಗಿಂತ ಒಳ್ಳೆಯವನು’. ಚುರುಕಿನವನಾದರೆ ‘ಹಸಿವಿಗಿಂತ ಜಾಣ’. ಈ ಎರಡನೆಯದನ್ನು ಕೇಳಿದಾಗೆಲ್ಲ ನನಗೆ 1554ರಲ್ಲಿ ಅಚ್ಚಾದ ‘ಲಾಸರಿಯೊ ದೆ ತೋರ್ಮೆಸ್’ ಕಾದಂಬರಿಯ ಹುಡುಗ ನೆನಪಾಗುತ್ತಾನೆ. ಅವನ ಧಣಿ ಕುರುಡ, ಮಹಾ ಜಿಪುಣ. ಹುಡುಗ ವೈನಿನ ಹೂಜಿಯ ತಳಕ್ಕೆ ತೂತು ಕೊರೆದು ಮೇಣ ಮೆತ್ತಿದ. ಚಳಿ ಕಾಯಿಸುವ ನೆಪದಲ್ಲಿ ಧಣಿಯ ಕಾಲ ಸಂದಿಯಲ್ಲಿ ಕೂತರೆ, ಬೆಂಕಿಯ ಕಾವಿಗೆ ಮೇಣ ಕರಗಿ ವೈನ್ ತೊಟ್ಟುತೊಟ್ಟಾಗಿ ನೇರ ಬಾಯಿಗೆ. ಧಣಿಗೆ ಒಂದು ದಿನ ಆ ತೂತು ಕೈಗೆ ಸಿಕ್ಕಿತು. ಮರುದಿನ ಹುಡುಗ ಕಣ್ಣು ಮುಚ್ಚಿ ಬಾಯಿ ತೆರೆದು ಕೂತಿದ್ದಾಗ, ಅದೇ ಹೂಜಿಯನ್ನು ಎರಡೂ ಕೈಯಲ್ಲೆತ್ತಿ ಅವನ ಮುಖಕ್ಕೆ ಅಪ್ಪಳಿಸಿದ. ಆಮೇಲೆ ಗಾಯ ತೊಳೆದದ್ದೂ ವೈನಿನಲ್ಲೇ.